ಬಾನೆಟ್ಟಿನ ಮೇಲಿನ ಬೊಟ್ಟು

ಅರವತ್ತರ ದಶಕದಲ್ಲಿ ನಾನು ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಒಮ್ಮೆ ಸಾಗರದಲ್ಲಿ ಅದಕ್ಕೆ ಬಿಳಿ ಬಣ್ಣ ಹೊಡೆಸಿದೆ. "ಬಣ್ಣ ಇನ್ನೂ ಹಸಿ, ಒಂದು ತಿಂಗ್ಳು ಏನೂ ಹಚ್ಬೇಡಿ" ಎಂದು ಪೇಂಟರು ಎಚ್ಚರಿಸಿದ್ದರು. ಮನೆಯಲ್ಲಿ ಹೇಳಲು ಮರೆತೆ. ಅಮ್ಮ ಪೂಜೆ ಮಾಡಿ, ಬಾನೆಟ್ಟಿಗೆ ಐದು ಕುಂಕುಮದ ಬೊಟ್ಟು ಇಟ್ಟಳು. ಒರೆಸಿದರೆ ಕೆಂಪು ಹೋಗಲಿಲ್ಲ. ಅವಳ ಮೇಲೆ ಕೂಗಾಡಿಬಿಟ್ಟೆ.

ಮರುದಿನ ಕಾರನ್ನು ಮತ್ತೆ ಸಾಗರಕ್ಕೆ ಒಯ್ದು ಪೇಂಟರಿಗೆ ಎಲ್ಲವನ್ನೂ ಹೇಳಿದೆ. ಅವರು ಮೆತ್ತನೆಯ ಬಟ್ಟೆಗೆ ಪಾಲಿಶ್ ಹಚ್ಚಿ, ಮಧ್ಯಾಹ್ನದವರೆಗೂ ಉಜ್ಜಿ ನಾಲ್ಕು ಬೊಟ್ಟು ತೆಗೆದರು. ಐದನೆಯದನ್ನು ಮುಟ್ಟಲಿಲ್ಲ.

"ಇದೊಂದು ಯಾಕೆ ಬಿಟ್ರಿ?" ಎಂದೆ, ಸಿಡುಕಿನಿಂದಲೇ.

"ಕಾರು ಮನೆಗೆ ಹೋದ್ಮೇಲೆ ಅಮ್ಮ ಮೊದ್ಲು ಅದನ್ನೇ ಹುಡುಕ್ತಾರೆ."

ಅಮ್ಮ ಹುಡುಕಿದಳು. ಕಂಡ ಮೇಲೆ ನನಗೆ ಕಾಫಿ ತಂದುಕೊಟ್ಟಳು. ಕಾರು ಮಾರುವವರೆಗೂ, ಪಾಲಿಶ್ ಹಚ್ಚುವಾಗಲೆಲ್ಲ ಆ ಪೇಂಟರನ್ನು ನೆನೆದು, ಬೊಟ್ಟಿನ ಸುತ್ತ ಮಾತ್ರ ಉಜ್ಜಿದೆ.