ರವೆ ಕಾಡತೂಸಿನ ಕಾಕಾ

ಬೆಳಿಗ್ಗೆ ಕಾಕಾ ಅಂಗಿ ಬಿಚ್ಚಿ ಚಾಳಿನ ನಲ್ಲಿಯ ಕೆಳಗೆ ಕೂತರೆ, ಬಲಭುಜದ ಮುಂದೆ, ಕೊರಳೆಲುಬಿನ ಮೇಲೆ, ನಿಂಬೆಹಣ್ಣಿನ ಗಾತ್ರದ ಗಂಟೊಂದು ಎದ್ದು ಕಾಣುತ್ತಿತ್ತು. ಮುರಿದ ಎಲುಬು ಸೊಟ್ಟಗೆ ಕೂಡಿಕೊಂಡು ಆದ ಗಂಟು. ಗೋಕಾಕದ ಕಡೆಯ ಅವರ ಹಳ್ಳಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಊರಿನ ಇನಾಮದಾರರು ತಮಾಷೆ ನೋಡಲೆಂದು ದೊಡ್ಡ ರೈಫಲ್ಲೊಂದನ್ನು ಅವರ ಕೈಗೆ ಕೊಟ್ಟಿದ್ದರಂತೆ. ಬಂದೂಕಿನ ಕುದುರೆ ಎಳೆದ ಕೂಡಲೆ ಅದರ ಒದೆತಕ್ಕೆ ಹುಡುಗ ಸಗಣಿ ತಿಪ್ಪೆಯೊಳಗೆ ಬಿದ್ದ. ಕಟ್ಟೆಯ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಲುಬು ಮೂರು ತಿಂಗಳಿಗೆ ಕೂಡಿಕೊಂತು. ಆ ನಗಿ ಇನ್ನೂ ಕೂಡಿಲ್ಲ," ಎನ್ನುತ್ತಿದ್ದರು ಕಾಕಾ.

ವಿಲೆ ಪಾರ್ಲೆಯ ನಮ್ಮ ಚಾಳಿನಲ್ಲಿ ಅವರದು ನಮ್ಮ ಪಕ್ಕದ ಖೋಲಿ. ಒಬ್ಬರೇ ಇದ್ದರು. ಫೋರ್ಟಿನ ಬಂದೂಕಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಹಿತ್ತಾಳೆಯ ಕೊಳವೆಗೆ ಮದ್ದು, ಗುಂಡು ಸೇರಿಸಿ ಕಾಡತೂಸು ತುಂಬುವುದು ಅವರ ಕೆಲಸ. ಅಂಗಡಿಯ ಮಾಲಕ ಗುಜರಾತಿ, ಗಿರಾಕಿಗಳು ಪಾರ್ಸಿ, ಪ್ಯೂನ್ ಮರಾಠಿ. ಕಾಕಾ ಎಲ್ಲರ ಜೊತೆಗೂ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಮದ್ದು ತೂಗುವಾಗ ಮಾತ್ರ ಎಣಿಕೆ ಕನ್ನಡದಲ್ಲಿ. ಬೇರೆ ಭಾಷೆಯಲ್ಲಿ ಎಣಿಸಿದರೆ ತಪ್ಪುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಆಗ ಯಾರಾದರೂ ಮಾತಾಡಿಸಿದರೆ ತೂಗಿದ್ದನ್ನೆಲ್ಲ ಡಬ್ಬಿಗೆ ಸುರಿದು ಮತ್ತೆ ಒಂದರಿಂದ ಶುರು. ಒಮ್ಮೆ ಮಾಲಕರೇ ಚಹಾ ಬೇಕೇ ಎಂದು ಕೇಳಿ, ಅರ್ಧ ದಿನದ ಕೆಲಸ ಮತ್ತೆ ಮಾಡಿಸಿದ್ದರಂತೆ.

ಈ ಚಟ ಮನೆಯವರೆಗೂ ಬಂದಿತ್ತು. ಬೇಳೆಸಾರಿಗೆ ಉಪ್ಪನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದರು. ಅಷ್ಟಾದರೂ ಆ ಸಾರು ಒಂದು ದಿನವೂ ರುಚಿಯಾಗಿರಲಿಲ್ಲ.

ನನಗೂ ಬಂದೂಕಿಗೂ ಗಂಟು ಬಿದ್ದದ್ದು ಗೆಣಸಿನ ದೆಸೆಯಿಂದ. ಪಾರ್ಲೆ ಸ್ಟೇಷನ್ನಿನ ಹತ್ತಿರ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲು. ತರಕಾರಿ ಸ್ವಂತದ್ದೇ ಇರಲಿ ಎಂದು ಬೊರಿವಲಿಯ ಆಚೆ, ಗುಡ್ಡದ ಬುಡದಲ್ಲಿ, ಎರಡು ಎಕರೆ ಹೊಲ ಗೇಣಿಗೆ ಹಿಡಿದಿದ್ದರು. ಮೊದಲ ವರ್ಷದ ಗೆಣಸನ್ನು ಪೂರ್ತಿ ಕಾಡುಹಂದಿಗಳು ತಿಂದವು. ಎರಡನೆಯ ವರ್ಷವೂ ತಿನ್ನತೊಡಗಿದವು. ಈ ಬೆಳೆಯೂ ಹೋದರೆ ಹೊಲ ಬಿಡುವುದೇ ಎಂದು ಅಪ್ಪ ತೀರ್ಮಾನಿಸಿದ್ದರು. ಆಗಿನ್ನೂ ಬೆಳೆ ಕಾಯಲು ಬಂದೂಕಿಗೆ ಲೈಸೆನ್ಸ್ ಕೊಡುತ್ತಿದ್ದರು. ಮಡಿಗೆಂದು ಈರುಳ್ಳಿ ಹೆಚ್ಚಿದ ಚಾಕುವನ್ನೂ ಬೇರೆ ಇಡುತ್ತಿದ್ದ ಅಪ್ಪ ಕಾಕಾನ ಅಂಗಡಿಯಿಂದ ಹಳೆಯ ರೈಫಲ್ಲೊಂದನ್ನು ತಂದರು. ತಂದ ಮೇಲೆ ನೋಡಿದರೆ, ಅಪ್ಪನ ದಪ್ಪ ಕನ್ನಡಕಕ್ಕೆ ರೈಫಲ್ಲಿನ ತುದಿಯೇ ಕಾಣದು. ನನಗೆ ಇಪ್ಪತ್ತೊಂದು ತುಂಬಿತ್ತು, ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದೆ. ಲೈಸೆನ್ಸಿನಲ್ಲಿ ನನ್ನ ಹೆಸರನ್ನೂ ಸೇರಿಸಿದರು.

ಹೊಲದಲ್ಲಿ ನಾನು ಹೊಡೆದ ಮೊದಲ ಗುಂಡು ಎಲ್ಲಿ ಹೋಯಿತೋ ತಿಳಿಯದು. ನಾನು ಎಲ್ಲಿ ಹೋದೆ ಎನ್ನುವುದು ಮಾತ್ರ ಗೊತ್ತು, ಗೆಣಸಿನ ಪಾತಿಯೊಳಗೆ. ಮರುದಿನ ಭುಜ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಅದೇ ವಾರ ಮಾಟುಂಗದಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಅಮ್ಮ ಉದ್ದ ತೋಳಿನ ರವಿಕೆ ಹಾಕಿಸಿದಳು, ಅರಶಿನ ಮೆತ್ತಿದಳು. ಆದರೆ ಕಾಫಿಯ ತಟ್ಟೆ ಎತ್ತಲು ಎರಡೂ ಕೈ ಬೇಕಲ್ಲ. ಬಲಗೈ ನಡುದಾರಿಯಲ್ಲಿ ಸೋತು, ತಟ್ಟೆ ವಾಲಿ, ಹುಡುಗನ ಸೋದರಮಾವನ ಪಂಚೆಯ ಮೇಲೆ ಎರಡು ಲೋಟ ಕಾಫಿ ಚೆಲ್ಲಿತು.

"ಕೈಗೆ ಎಂತ ಆಗಿದೆ ಮಗೂ?" ಎಂದು ಹುಡುಗನ ತಾಯಿ ಕೇಳಿದರು.

"ಎಂತ ಇಲ್ಲ, ಸ್ವಲ್ಪ ವಾಯು," ಎಂದಳು ಅಮ್ಮ.

ಆ ಹೊತ್ತಿಗೆ ನನಗೆ ಸುಳ್ಳು ಹೊಳೆಯಲಿಲ್ಲ. "ರೈಫಲ್ ಒದೆಯಿತು," ಎಂದೆ.

ಅವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅಮ್ಮನ ಬೈಗುಳ ಗೋಡೆ ದಾಟಿ ಕಾಕಾನಿಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಗೋಡೆಯ ಮೂಲಕ ನಮ್ಮ ಮನೆಯ ಕುಕ್ಕರಿನ ಸೀಟಿಯನ್ನೂ ಅವರೇ ಎಣಿಸುತ್ತಿದ್ದರು. ಸಂಜೆ ಬಾಗಿಲಲ್ಲಿ ಬಂದು ನಿಂತರು, ಒಳಗೆ ಕಾಲಿಡಲಿಲ್ಲ.

"ತಪ್ಪು ನಂದು ವೈನಿ," ಎಂದು ಅಮ್ಮನಿಗೆ ಹೇಳಿದರು. "ರಾಯರು ಹೊಡಿತಾರ ಅಂತ ತಿಳಿದು ಪೂರಾ ಮದ್ದಿನ ಕಾಡತೂಸು ಕೊಟ್ಟೆ. ತಂಗಿ ಹೊಡಿತಾಳ ಅಂತ ಗೊತ್ತಿದ್ರ ಕೊಡ್ತಿದ್ದಿಲ್ಲ."

"ಅವಳು ಇನ್ನು ಹೊಡೆಯುವುದಿಲ್ಲ," ಎಂದಳು ಅಮ್ಮ.

ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಂಥಾದ್ದರಲ್ಲಿ ಮುಂದಿನ ಭಾನುವಾರ ಹೊಲಕ್ಕೆ ಹೋದದ್ದಕ್ಕೆ ಕಾರಣ, ಕಾಕಾ ಹೋಗುತ್ತಾ ಹೇಳಿದ ಒಂದು ಮಾತು: "ಹೊಡಿಯೂದು ಬಿಟ್ರ ಬಿಡು ತಂಗಿ. ಹೆದರಿ ಬಿಡಬ್ಯಾಡ, ಬ್ಯಾಸರಾಗಿ ಬಿಡು."

ಹೊಲದಂಚಿನಲ್ಲಿ ಒಂದು ಹಳೆಯ ಕಲ್ಲುಕ್ವಾರಿ ಇತ್ತು. ಅಲ್ಲಿ ಒಂದು ಎಣ್ಣೆ ಡಬ್ಬಿ ನಿಲ್ಲಿಸಿ, ಕಾಕಾ ತಾವೇ ರೈಫಲ್ ತುಂಬಿ ನನ್ನ ಕೈಗೆ ಕೊಟ್ಟರು. ನಾನು ಉಸಿರು ಬಿಗಿ ಹಿಡಿದು ಕುದುರೆ ಎಳೆದೆ. ಟಿಕ್ ಎಂದಿತು, ಅಷ್ಟೆ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನನ್ನ ಭುಜ ಗಕ್ಕನೆ ಹಿಂದೆ ಹಾರಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಒಳಗೆ ಇದ್ದದ್ದು ಖಾಲಿ ಕಾಡತೂಸು.

"ಬಂದೂಕ ಹಾರಲಿಲ್ಲ, ನೀನ ಹಾರಿದಿ," ಎಂದರು ಕಾಕಾ. ಅಪ್ಪ ನಗಲು ಶುರುಮಾಡಿದರು. ಕಾಕಾ ಅವರತ್ತ ತಿರುಗಿ, "ರಾಯರ, ಇಲ್ಲಿ ನಗಬಾರದು," ಎಂದರು. ಆ ದನಿ ಕೇಳಿ ಅಪ್ಪ ಕನ್ನಡಕ ಒರೆಸುತ್ತಾ ಕೂತರು.

ಆಮೇಲೆ ಶುರುವಾಯಿತು ರವೆಯ ಪ್ರಕರಣ. ಎಳೆಯ ಭುಜದವರಿಗೆಂದು ಕಾಕಾ ಕಡಿಮೆ ಮದ್ದು, ಹಗುರ ಸೀಸದ ಗುಂಡು ಹಾಕಿ ಕಾಡತೂಸು ತುಂಬುತ್ತಿದ್ದರು. ಮದ್ದು ಕಡಿಮೆಯಾದರೆ ಹಿತ್ತಾಳೆಯ ಕೊಳವೆಯೊಳಗೆ ಜಾಗ ಉಳಿಯುತ್ತದೆ, ಮದ್ದು ಅತ್ತಿತ್ತ ಹರಿದಾಡುತ್ತದೆ. ಅದು ಅಲ್ಲಾಡದಂತೆ ಮೇಲೆ ಏನಾದರೂ ಹಗುರವಾದದ್ದನ್ನು ತುಂಬಬೇಕು. ಹತ್ತಿ, ಕಾಗದ ಎಲ್ಲ ನೋಡಿ ಆಗಿತ್ತು. ಒಂದು ದಿನ ನೇರವಾಗಿ ಅಪ್ಪನ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತರು.

"ರಾಯರ, ಒಂದು ವಾಟಿ ರವಾ ಬೇಕಾಗಿತ್ತು."

"ಉಪ್ಪಿಟ್ಟಿಗಾ, ಕೇಸರಿಬಾತಿಗಾ?"

"ರೈಫಲ್ಲಿಗೆ."

ಅಪ್ಪ ಒಳಗಿನಿಂದ ಇಡ್ಲಿ ರವೆ ತರಿಸಿದರು. ಕಾಕಾ ಅದನ್ನು ಅಂಗೈಯಲ್ಲಿ ಹರಡಿ, ಒಂದೊಂದೇ ಕಾಳು ಸರಿಸಿ ನೋಡಿ, "ಬ್ಯಾಡ್ರಿ, ಇದು ಬರೋಬ್ಬರಿ ಇಲ್ಲ," ಎಂದುಬಿಟ್ಟರು.

ಇಪ್ಪತ್ತು ವರ್ಷ ಹೋಟೆಲು ನಡೆಸಿದ ಅಪ್ಪನಿಗೆ ಅವಮಾನವಾಯಿತು. "ಎಂತ ಮಾರಾಯ್ರೆ, ನನ್ನ ರವೆಯಲ್ಲಿ ಕಸ ಉಂಟಾ?"

"ಕಸ ಇಲ್ರಿ. ದಪ್ಪ ಐತಿ. ಸಣ್ಣದು, ಹುರಿದದ್ದು ಬೇಕು. ಹಸಿ ಇರಬಾರದು, ಎಣ್ಣಿ ತಾಗಿರಬಾರದು."

ಅಂದಿನಿಂದ ಅಪ್ಪ ಈ ವಿಷಯವನ್ನು ತಮ್ಮ ಮಾನದ ಪ್ರಶ್ನೆ ಮಾಡಿಕೊಂಡರು. ಅಡುಗೆಯ ಭಟ್ಟರಿಗೆ ಬಿಡದೆ ತಾವೇ ಚಿರೋಟಿ ರವೆಯನ್ನು ಸಣ್ಣ ಉರಿಯಲ್ಲಿ ಹುರಿದು, ಎರಡು ಸಲ ಜರಡಿ ಹಿಡಿದು, ಡಬ್ಬಿಯಲ್ಲಿ ಹಾಕಿ ಕಳಿಸುತ್ತಿದ್ದರು. ನಾನು ಶನಿವಾರ ಮಧ್ಯಾಹ್ನ ಲೋಕಲ್ ಹತ್ತಿ ಚರ್ಚ್‌ಗೇಟಿಗೆ ಹೋಗಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ಒಪ್ಪಿಸಿ, ಬಾಯಿ ಮುಚ್ಚಿಕೊಂಡು ಕೂತು ನೋಡುತ್ತಿದ್ದೆ. ಕಾಕಾ ಮದ್ದು ಹಾಕಿದ ಪ್ರತಿ ಕೊಳವೆಯೊಳಗೂ ಟಾರ್ಚು ಬಿಟ್ಟು ಇಣುಕುತ್ತಿದ್ದರು. ತಪ್ಪಿ ಒಂದಕ್ಕೇ ಎರಡು ಸಲ ಮದ್ದು ಬಿದ್ದರೆ ರೈಫಲ್ಲೇ ಸಿಡಿದೀತು. ಒಂದು ಕೊಳವೆಯ ಮೇಲೆ ಸಂಶಯ ಬಂದರೂ ಅವತ್ತಿನ ಐವತ್ತನ್ನೂ ಖಾಲಿ ಮಾಡುತ್ತಿದ್ದರು.

"ಕಡಿಮಿ ಹಾಕೂದಕ್ಕ ಹೆಚ್ಚು ಎಚ್ಚರ ಬೇಕು ತಂಗಿ," ಎಂದರು ಒಮ್ಮೆ. "ತುಂಬಿ ತುಳುಕಿಸೂದು ಯಾರಿಗರೆ ಬರತೈತಿ."

ಆ ಕಾಡತೂಸು ಹೊಡೆದರೆ ಭುಜಕ್ಕೆ ಗೆಳತಿ ತಟ್ಟಿದಷ್ಟೇ ಪೆಟ್ಟು. ಆರು ಭಾನುವಾರಗಳಲ್ಲಿ ನನ್ನ ಕಣ್ಣು ತೆರೆದುಕೊಂಡವು. ಎಣ್ಣೆ ಡಬ್ಬಿ ಜರಡಿಯಾಯಿತು. ಆದರೆ ಈ ಹಗುರ ಕಾಡತೂಸಿಗೆ ಒಂದು ಕೊರತೆ ಇತ್ತು. ದೂರಕ್ಕೆ ಆಗದು. ಹಂದಿಯನ್ನು ಮೂವತ್ತು ಹೆಜ್ಜೆಯವರೆಗೆ ಬರಗೊಡಬೇಕು.

ಆಮೇಲೆ ಒಂದು ಬೆಳಗಿನ ಜಾವ ಅಪ್ಪ, ಕಾಕಾ, ನಾನು ಮೂವರೂ ಹೊಲದ ಕಟ್ಟಿಗೆಯ ಅಟ್ಟಣೆಯ ಮೇಲೆ ಕೂತಿದ್ದೆವು. ಬೆಳಕು ಹರಿಯುತ್ತಿದ್ದಾಗ ಒಂಟಿ ಗಂಡುಹಂದಿ ಬಂತು, ಹೋಟೆಲಿನ ಗ್ರೈಂಡರಿನಷ್ಟು ದೊಡ್ಡದು. ನೂರು ಹೆಜ್ಜೆ. ಎಂಬತ್ತು. ಅಪ್ಪ ಪಿಸುಗುಟ್ಟಿದರು, "ಹೊಡಿ, ಹೊಡಿ ಮಾರಾಯ್ತಿ." ಕಾಕಾ ಅಪ್ಪನ ಬಾಯಿಯ ಮೇಲೆ ಕೈ ಇಟ್ಟರು. ಮಡಿಯ ಅಪ್ಪ ಆ ಕೈಯನ್ನು ಸರಿಸಲೂ ಇಲ್ಲ. ಐವತ್ತು. ಅದರ ಮೂಗಿನ ಸದ್ದು ಕೇಳತೊಡಗಿತು. ನನ್ನ ಎದೆ ಎಷ್ಟು ಬಡಿದುಕೊಳ್ಳುತ್ತಿತ್ತೆಂದರೆ ರೈಫಲ್ಲಿನ ತುದಿ ಅದಕ್ಕೆ ತಾಳ ಹಾಕುತ್ತಿತ್ತು. ಕಾಕಾ ಕಿವಿಯ ಹತ್ತಿರ ಬಹಳ ಮೆಲ್ಲಗೆ ಎಣಿಸುತ್ತಿದ್ದರು, ಮದ್ದು ತೂಗುವಾಗಿನ ಅದೇ ದನಿಯಲ್ಲಿ. ಒಂದು. ಎರಡು. ಮೂರು. ಆ ಎಣಿಕೆಗೆ ನನ್ನ ಉಸಿರು ಹೊಂದಿಕೊಂಡಿತು. ಹಂದಿ ಮೂವತ್ತು ಹೆಜ್ಜೆಗೆ ಬಂದಾಗ, ಏಳಕ್ಕೆ ನಿಲ್ಲಿಸಿದರು. ನಾನು ಕುದುರೆ ಎಳೆದೆ.

ಹಂದಿ ಮುಂಗಾಲು ಮಡಚಿ ಅಲ್ಲೇ ಕುಸಿಯಿತು, ಮತ್ತೆ ಏಳಲಿಲ್ಲ. ನನಗೆ ಅಳು ಬಂದಿತ್ತು, ಸಂತೋಷಕ್ಕೋ ಪಾಪ ಅನ್ನಿಸಿಯೋ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ಅಪ್ಪ ಮೂಗೆತ್ತಿ ಗಾಳಿಯನ್ನು ಮೂಸಿ, ಬಹಳ ಚಿಂತೆಯಿಂದ ಹೇಳಿದರು:

"ರವೆ ಸೀದಿದೆ."

ಕಾಕಾ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಟ್ಟಣೆ ಅಲ್ಲಾಡುವಷ್ಟು ನಕ್ಕರು. ಆಮೇಲೆ ಇಳಿದು ಹೋಗಿ, ಹಂದಿಯ ಪಕ್ಕದಲ್ಲಿ ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ಅಪ್ಪ ಬಾವಿಯ ಹತ್ತಿರ ಹನ್ನೊಂದು ಕೊಡ ನೀರು ಸುರಿದುಕೊಂಡರು. ಹೊಲದ ಆಳುಗಳ ಮನೆಯಲ್ಲಿ ಅವತ್ತು ಹಬ್ಬವಾಯಿತು. ಗೆಣಸು ಉಳಿಯಿತು, ಹೊಲವೂ ಉಳಿಯಿತು.

ನನ್ನ ಮದುವೆ ಮರುವರ್ಷ ಆಯಿತು, ಬಂದೂಕಿನ ಕತೆ ಪೂರ್ತಿ ಕೇಳಿ ಒಪ್ಪಿದವರ ಜೊತೆಗೆ. ಅಕ್ಷತೆ ಹಾಕಲು ಬಂದ ಕಾಕಾ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಅಕಿ ಗುರಿ ಛಲೋ ಐತಿ, ನೆನಪಿರಲಿ," ಎಂದಷ್ಟೇ ಹೇಳಿ ಊಟಕ್ಕೆ ಹೋದರು.

ಎಪ್ಪತ್ತೆರಡರಲ್ಲಿ ಬೇಟೆ ನಿಲ್ಲಿಸುವ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿಗಳು ಅಂಗಡಿಗೆ ಬರುವುದು ಹೆಚ್ಚುಕಡಿಮೆ ನಿಂತಿತು. ಕಾಕಾನಿಗೆ ಬೇಸರವಾಗಿರಬೇಕು ಎಂದುಕೊಂಡು ಕೇಳಿದೆ. "ಹೌದು. ಆದ್ರ ಹಂದಿಗೋಳ ಮುಂದ ಹಂಗ ಅನ್ನಾಕಾಗೂದಿಲ್ಲ," ಎಂದರು. ಗುರಿ ಕಲಿಯಲು ಬರುವ ಹುಡುಗರಿಗಾಗಿ ಹಗುರ ಕಾಡತೂಸು ತುಂಬುತ್ತಲೇ ಇದ್ದರು. ಎಪ್ಪತ್ತಾರರ ಒಂದು ಬೆಳಿಗ್ಗೆ, ತಕ್ಕಡಿಯ ಮುಂದೆ ಕೂತಿದ್ದಾಗ, ಬಲಗೈ ಒಂದೇ ಒಂದು ಸಲ ನಡುಗಿತಂತೆ. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಕಾಕಾ ಎದ್ದು, ಹಿಂದಿನ ಕೋಣೆಯ ಬೀಗದ ಕೈಯನ್ನು ಮಾಲಕರ ಮೇಜಿನ ಮೇಲಿಟ್ಟು, "ಇನ್ನ ನಾ ತುಂಬಬಾರದು," ಎಂದು ಹೇಳಿ ಹನ್ನೊಂದರ ಲೋಕಲಿಗೆ ಮನೆಗೆ ಬಂದರು. ಮಾಲಕರು ಎರಡು ಸಲ ಕರೆಯಲು ಬಂದರೂ ಹೋಗಲಿಲ್ಲ. ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ಅಪ್ಪ ಹೋಟೆಲಿನ ಬಾಗಿಲು ಹಾಕಿ, ಚಟ್ಟಕ್ಕೆ ಹೆಗಲು ಕೊಟ್ಟರು.

ಆಗ ನಾನು ಕನ್ನಡ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದೆ. ಕಾಕಾ ಹೋದ ವಾರ, ಕಟ್ಟಡದ ಕೆಲಸಕ್ಕೆಂದು ವಿಜಾಪುರದ ಕಡೆಯಿಂದ ಬಂದವರ ಮಗಳೊಬ್ಬಳು ಐದನೆಯ ತರಗತಿಗೆ ಸೇರಿದಳು. ಬೋರ್ಡಿಗೆ ಕರೆದರೆ ಸೀಮೆಸುಣ್ಣ ಹಿಡಿದು ಗೋಡೆಗೆ ಅಂಟಿಕೊಂಡು ನಿಂತಳು. ಹಿಂದಿನ ಬೆಂಚಿನವರು ನಗತೊಡಗಿದರು. "ಇಲ್ಲಿ ನಗಬಾರದು," ಎಂದು ನನ್ನ ಬಾಯಲ್ಲಿ ಬಂತು. ಅವಳಿಗೆ ಎರಡಕ್ಕೆ ಮೂರು ಕೂಡಿಸುವ ಹಗುರ ಲೆಕ್ಕ ಕೊಟ್ಟೆ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಹೆಡ್‌ಮಾಸ್ತರರು ನಿಂತು, "ಐದನೇ ಕ್ಲಾಸಿಗೆ ಇದಾ ಲೆಕ್ಕ, ಟೀಚರ್?" ಎಂದು ಕೇಳಿದರು.

"ಇವತ್ತಿಗೆ ಇಷ್ಟು ಸಾಕು ಸರ್," ಎಂದೆ. ಹುಡುಗಿ ಬೋರ್ಡಿನ ಮೇಲೆ ದೊಡ್ಡದಾಗಿ ಐದು ಬರೆದಳು.