ಲಿವರ್ ಅನ್ನಬೇಡ ಎಂದ ಮಾವ

ಯಾರ ನಡಿಗೆಯನ್ನಾದರೂ ಎರಡು ದಿನ ನೋಡಿದರೆ ಸಾಕು, ಮೂರನೆಯ ದಿನ ಅದು ನನ್ನ ಕಾಲಿಗೆ ಬಂದುಬಿಡುತ್ತದೆ. ಇದು ಪ್ರತಿಭೆ ಎಂದು ನನ್ನ ನಂಬಿಕೆ, ಕೆಲಸವಿಲ್ಲದವನ ಚಾಳಿ ಎಂದು ಅಮ್ಮನ ಖಚಿತ ಅಭಿಪ್ರಾಯ. ನನ್ನನ್ನೂ ನಾನು ಬಿಟ್ಟವನಲ್ಲ. ಕನ್ನಡಿಯ ಮುಂದೆ ಇಂಟರ್‌ವ್ಯೂಗೆ ತಾಲೀಮು ಮಾಡುವ ನನ್ನನ್ನು ನಾನೇ ಅಣಕಿಸಿದಾಗ ಅಮ್ಮ ಕೂಡ ನಕ್ಕಿದ್ದಾಳೆ.

ಆದರೆ ನೆಂಟರು ಕೇಳಿ ಮಾಡಿಸುತ್ತಿದ್ದದ್ದು ಸೋದರಮಾವನ ಅಣಕವನ್ನು. ಮಾವ ಕೊಡಿಗೇಹಳ್ಳಿಯ ಹಳೇ ಮನೆ ಕೆಡವಿ ಮೂರಂತಸ್ತು ಕಟ್ಟಿಸಿ, ಕೆಳಗೆ ತಾನಿದ್ದು ಮೇಲಿನದನ್ನು ಬಾಡಿಗೆಗೆ ಕೊಟ್ಟವನು. ಟ್ಯಾಂಕು ತುಂಬಿತೇ ಎಂದು ನೋಡಲು ದಿನಾ ಬೆಳಗ್ಗೆ ಟೆರೇಸಿಗೆ ಹತ್ತುತ್ತಾನೆ. ಹೋದ ವರ್ಷ ಆ ಹತ್ತುವಿಕೆ ಬದಲಾಯಿತು. ಹೊಟ್ಟೆ ಮುಂದೆ ಬಂದು ಹೆಜ್ಜೆ ಅಗಲವಾಯಿತು. ಚಪ್ಪಲಿಯೊಳಗೆ ಪಾದ ಹಿಡಿಸದೆ ಹಿಮ್ಮಡಿ ಹೊರಗೆ ಉಳಿಯಿತು. ಒಂದೊಂದು ಮಹಡಿಗೂ ನಿಂತು, ಗೋಡೆಯ ಬಣ್ಣ ಪರೀಕ್ಷಿಸುವವನಂತೆ ಕೈಯಾಡಿಸಿ, ಮತ್ತೆ ಹತ್ತುವನು. ನಾನು ಒಂದನ್ನೂ ಬಿಡದೆ ಸೇರಿಸಿಕೊಂಡೆ. ‘ಬಾಡಿಗೆ ದುಡ್ಡು ಮೈಗೆ ಹತ್ತಿದೆ’ ಎಂದು ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕ.

ಒಂದು ಭಾನುವಾರ ಬಾಡೂಟ ಮುಗಿಸಿ ನಾನು ಪ್ರದರ್ಶನಕ್ಕೆ ನಿಂತಿದ್ದೆ. ಮೊದಲ ಮಹಡಿಯ ಬಾಡಿಗೆಯವರು, ನಾವೆಲ್ಲ ಖಾಲಾ ಎನ್ನುವ ಹೆಂಗಸು, ಡಬ್ಬಿ ವಾಪಸು ಕೊಡಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು ಅವರು. ಎಲ್ಲರೂ ನಗುತ್ತಿದ್ದಾಗ ಅವರೊಬ್ಬರು ನಗಲಿಲ್ಲ.

“ಇನ್ನೊಂದ್ ಸಲ ಮಾಡು.”

ಒನ್ಸ್ ಮೋರ್ ಬಂತು ಎಂದು ಹಿಗ್ಗಿ, ಮೆಟ್ಟಿಲಿನ ಜತೆಗೆ ಮಾವ ಮಲಗುವುದನ್ನೂ ಮಾಡಿದೆ: ಮಲಗಿ, ಎದ್ದು ಕೂತು, ಬಾಯಿ ತೆರೆದು ಉಸಿರೆಳೆದು, ಯಾರಾದರೂ ನೋಡಿದರೆ ಮೊಬೈಲ್ ಹುಡುಕುವ ಹಾಗೆ ನಟಿಸುವುದು.

“ದಿಂಬು ಎಷ್ಟು?”

“ಈಗ ಮೂರು, ಖಾಲಾ.”

“ಮುಂಚೆ?”

“ಒಂದು.”

“ಅರೆ, ಇದ್ರಲ್ಲಿ ನಗೋದು ಏನಿದೆ ಬೇಟಾ?”

ಖಾಲಾ ಮಾವನ ಮುಂದೆ ಕೂತು, ಪಂಚೆ ಸ್ವಲ್ಪ ಸರಿಸಿ, ಮೊಣಕಾಲ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲೊಂದು ಗುಳಿ, ಬಿಸಿ ಮುದ್ದೆಗೆ ಬೆರಳೊತ್ತಿದ ಹಾಗೆ. ಮುಚ್ಚಿಕೊಳ್ಳಲಿ ಎಂದು ಎಲ್ಲರೂ ಕಾದೆವು. ಅದು ಮುಚ್ಚಿಕೊಳ್ಳಲಿಲ್ಲ.

“ಇದು ದಪ್ಪ ಆಗಿದ್ದಲ್ಲ, ನೀರು ನಿಂತಿದೆ. ಹಾರ್ಟ್ ಇರ್ಬೋದು, ಲಿವರ್ ಇರ್ಬೋದು, ಕಿಡ್ನಿ ಇರ್ಬೋದು. ಬರೀ ನೋಡಿ ಹೇಳೋಕಾಗಲ್ಲ. ನಾಳೆನೇ ಡಾಕ್ಟ್ರಿಗೆ ತೋರ್ಸಿ.”

“ಲಿವರ್ರಾ?” ಮಾವ ಕಾಲೆಳೆದುಕೊಂಡ. “ನಾನ್ ಕುಡ್ದಿರೋದು ಯಾವನಾದ್ರೂ ನೋಡಿದಾನಾ? ಲಿವರ್ ಅನ್ಬೇಡ ಕಣಮ್ಮ.” ಎದ್ದು ಹೋಗಿಬಿಟ್ಟ.

ಆ ಕೋಪದ ಬೇರು ನಮಗೆಲ್ಲ ಗೊತ್ತಿತ್ತು. ಮಾವನ ಅಣ್ಣ ಕುಡಿದೇ ಹೋದವನು. ಕೊನೆಗೆ ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಊದಿಕೊಂಡು, ಕಣ್ಣು ಹಳದಿಯಾಗಿ ಜಗಲಿಯ ಮೇಲೆ ಕೂತಿರುತ್ತಿದ್ದ. ಇಡೀ ಊರು ಅದನ್ನು ನೋಡಿತ್ತು. ಅಂದಿನಿಂದ ಮಾವ ಮದುವೆ ಮನೆಯಲ್ಲಿ ಬಣ್ಣದ ಜ್ಯೂಸನ್ನೂ ಮುಟ್ಟುವುದಿಲ್ಲ.

ಮಾರನೆಯ ಬೆಳಗ್ಗೆ ನಾನು ಟೆರೇಸಿಗೆ ಹೋದಾಗ ಮಾವ ಟ್ಯಾಂಕಿಗೆ ಒರಗಿ ಏದುಸಿರು ಬಿಡುತ್ತಾ ಕೂತಿದ್ದ.

“ಅಣ್ಣಂಗೂ ಇಂಗೇ ಕಣೋ ಇದ್ದಿದ್ದು. ನಾಳೆ ಲಿವರ್ ಅಂತ ಚೀಟಿ ಬಂದ್ರೆ, ಇವ್ನೂ ಕದ್ದು ಕುಡೀತಿದ್ದ ಅಂತಾರೆ. ಅದ್ಕಿಂತ ಸತ್ರೆ ಮೇಲು.”

ಇಂಥ ಮಾತಿಗೆ ಒಳ್ಳೆಯವರು ಸಮಾಧಾನ ಹೇಳುತ್ತಾರೆ. ನನಗೆ ಆ ವಿದ್ಯೆ ಬರುವುದಿಲ್ಲ.

“ಸಾಯಿ ಮಾವ, ಬೇಡ ಅಂದೋರ್ಯಾರು? ಆದ್ರೆ ಹೊಟ್ಟೆ ಯಾಕ್ ಊದಿತ್ತು ಅಂತ ಆಗ್ಲೂ ಕೇಳ್ತಾರೆ. ಉತ್ತರ ಕೊಡೋಕೆ ನೀನಿರಲ್ಲ, ನಾನಿರ್ತೀನಿ. ನನ್ ಬಾಯಿ ಗೊತ್ತಲ್ಲ?”

ಮಾವ ಟ್ಯಾಂಕು ಹಿಡಿದುಕೊಂಡು ಎದ್ದ. “ಥೂ, ನಿನ್ ಬಾಯಿಗೆ ಉಳ ಬೀಳ! ಗಾಡಿ ತೆಗಿ.”

ಹೆಬ್ಬಾಳದ ಕಡೆಯ ಆಸ್ಪತ್ರೆಯ ಡಾಕ್ಟರಮ್ಮ ಮಾವನ ಕತ್ತಿನ ನರ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು. ಮೊದಲು ಊದಿದ್ದು ಕಾಲೋ ಹೊಟ್ಟೆಯೋ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಯೋ ಎಂದು ಕೇಳಿದರು. ಪ್ರತಿ ಪ್ರಶ್ನೆಗೂ ಮಾವನ ಉತ್ತರ ಒಂದೇ: “ನಾನು ಕುಡಿಯಲ್ಲ ಮೇಡಂ.”

“ಕುಡೀದೇ ಇರೋರಿಗೂ ಲಿವರ್ ಕೆಡುತ್ತೆ ಯಜಮಾನ್ರೇ. ಶುಗರ್‌ನಿಂದ, ಬೊಜ್ಜಿನಿಂದ, ವೈರಸ್‌ನಿಂದ. ಕುಡಿದ್ರೂ ನಾನ್ ಬೈಯಲ್ಲ, ನೋಡ್ತೀನಿ ಅಷ್ಟೆ.”

ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನು, ಎಕೋ ಎಲ್ಲ ಆಯಿತು. ಹೃದಯ ಸೋತಿತ್ತು. ಸರಿಯಾಗಿ ಪಂಪು ಮಾಡಲಾಗದೆ ಹಿಂದೆ ಉಳಿದ ರಕ್ತದ ಒತ್ತಡಕ್ಕೆ ಕಾಲಿಗೆ ನೀರಿಳಿದಿತ್ತು, ಲಿವರೂ ಸ್ವಲ್ಪ ಉಬ್ಬಿತ್ತು. ಕಡೆಯ ಮಾತು ಮಾವನ ಕಿವಿಗೆ ಬೀಳಲೇ ಇಲ್ಲ. ಹೊರಗೆ ಬಂದವನೇ ಫೋನ್ ತೆಗೆದು, ಮಗಳ ನಿಶ್ಚಿತಾರ್ಥ ಹೇಳುವ ದನಿಯಲ್ಲಿ ಒಬ್ಬೊಬ್ಬರಿಗೂ ಸಾರಿದ: “ಆರ್ಟು ಕಣ್ರೀ, ಬರೀ ಆರ್ಟು!” ಎರಡರಲ್ಲಿ ಯಾವುದೂ ಕಡಿಮೆ ಕಾಯಿಲೆಯಲ್ಲ. ಆದರೂ ಒಂದು ಅಂಗಕ್ಕೆ ಮರ್ಯಾದೆ ಇದೆ, ಇನ್ನೊಂದಕ್ಕಿಲ್ಲ. ಮರ್ಯಾದೆಯಿಲ್ಲದ ಅಂಗದ ಭಯಕ್ಕೆ ಎಷ್ಟೋ ತಿಂಗಳು ಹೋಗಿದ್ದವು. ಆ ತಿಂಗಳುಗಳಲ್ಲಿ ನಾನು ಅವನ ಉಸಿರುಗಟ್ಟುವಿಕೆಗೆ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ನೀರು ಇಳಿಸುವ ಮಾತ್ರೆ ಶುರುವಾಗಿ, ಉಪ್ಪು ಕಡಿಮೆಯಾಗಿ, ಮಾವನ ಮೈ ಇಳಿಯತೊಡಗಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿದ್ದಾಗ, ಪಕ್ಕದವರಿಗೆಲ್ಲ “ನಂದು ಆರ್ಟು” ಎನ್ನುತ್ತಿದ್ದ. ಆಗ ಒಬ್ಬ ಬಂದ. ಕಡ್ಡಿ ಕೈ, ಬಿಗಿದ ಹೊಟ್ಟೆ, ಹಳದಿ ಕಣ್ಣು. ಕುರ್ಚಿ ಖಾಲಿ ಇದ್ದರೂ ಗೋಡೆಯ ಕಡೆ ಮುಖ ಮಾಡಿ ನಿಂತ. ಮಾವನ ಮಾತು ಅರ್ಧಕ್ಕೇ ನಿಂತಿತು. ರಿಪೋರ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಕುರ್ಚಿ ತಟ್ಟಿದ.

“ಬನ್ನಿ, ಕೂತ್ಕಳಿ. ನಿಮ್ಗೂ ಉಪ್ಪು ಬ್ಯಾಡ ಅಂದವ್ರಾ?”

ಆತ ಹಿಂಜರಿಯುತ್ತಾ ತಲೆಯಾಡಿಸಿದ.

“ಸಾರು ಎಂಗ್ ಉಣ್ತೀರಿ ಮತ್ತೆ?”

“ನಿಂಬೆಹಣ್ಣು ಹಿಂಡ್ಕೋತೀನಿ,” ಎಂದ ಆತ, ಕೂರುತ್ತಾ.