ಅನುಸೂಯಕ್ಕ ಸೋಸಿದ ನೀರು

ಮೂವತ್ತೊಂದು ವರ್ಷ ಅನುಸೂಯಕ್ಕ ಮತ್ತೊಬ್ಬರ ಕೈಯ ದಾನಕ್ಕೆ ನೀರು ಸೋಸಿಕೊಟ್ಟಳು.

ತೇರದಾಳದ ಆ ದೊಡ್ಡ ಮನೆಗೆ ಆಕೆ ಮೂರನೆಯ ಸೊಸೆ. ದಿಗಂಬರ ಮುನಿಗಳು ಊರಿಗೆ ಬಂದಾಗಲೆಲ್ಲ ಆ ಮನೆಯಲ್ಲಿ ಚೌಕ ಹಾಕುತ್ತಿದ್ದರು. ಅಂದರೆ ಮುನಿಗಳ ಆಹಾರಕ್ಕೆಂದೇ ಅಡುಗೆಯ ಜಾಗವನ್ನು ಮಡಿಯಿಂದ ಸಜ್ಜುಗೊಳಿಸುತ್ತಿದ್ದರು. ಬಾವಿಯಿಂದ ನೀರು ಸೇದುವವಳು ಅನುಸೂಯಕ್ಕ. ಎರಡು ಪದರು ಮಡಿಸಿದ ಬಿಳಿಯ ಅರಿವೆಯಲ್ಲಿ ಅದನ್ನು ಸೋಸುವವಳೂ, ಕಾಳು ಆರಿಸಿ ಹಿಟ್ಟು ಬೀಸುವವಳೂ ಅವಳೇ. ಆದರೆ ಬಾಗಿಲಲ್ಲಿ ಕಲಶ ಹಿಡಿದು ಮುನಿಗಳನ್ನು ಬರಮಾಡಿಕೊಳ್ಳುವುದು, ಅವರ ಬೊಗಸೆಗೆ ಮೊದಲ ಗುಟುಕು ನೀರೆರೆಯುವುದು ಹಿರಿಯ ನೆಗೆಣ್ಣಿಯ, ಅಂದರೆ ಗಂಡನ ಹಿರಿಯಣ್ಣನ ಹೆಂಡತಿಯ ಹಕ್ಕು. ಮದುವೆಯಾದ ಹನ್ನೊಂದನೆಯ ವರ್ಷ ಆಕೆ ಧೈರ್ಯಮಾಡಿ ಕೇಳಿದ್ದಳು.

"ಅಕ್ಕಾರ, ಇವತ್ತ ಒಂದ ಸಲ ನಾ ನೀರ ಕೊಡ್ಲೇನ್ರಿ?"

"ಕೊಡವಂತಿ ತಗೋ, ನಿಂದ ಮನಿ ಆದಾಗ," ಎಂದು ನೆಗೆಣ್ಣಿ ನಕ್ಕಿದ್ದಳು.

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಅಂದಿನಿಂದ ಅನುಸೂಯಕ್ಕನ ಎದೆಯಲ್ಲಿ ಅದೊಂದೇ ಆಸೆ ಬೇರುಬಿಟ್ಟು ನಿಂತಿತು. ತನ್ನದೊಂದು ಮನೆ, ತನ್ನದೊಂದು ಚೌಕ, ಒಂದೇ ಒಂದು ಸಲ ತನ್ನ ಕೈಯಿಂದ ಒಂದು ಗುಟುಕು ನೀರು.

ಹೋದ ವರ್ಷ ಅಣ್ಣತಮ್ಮಂದಿರು ಬೇರೆಯಾದರು. ಆಕೆಯ ಗಂಡ ವೃಷಭಣ್ಣ ಜಮಖಂಡಿಯಲ್ಲಿ ಪಾತ್ರೆ ಅಂಗಡಿ ಇಡುವ ಮಾತು ತೆಗೆದ.

"ನಿಂದೇನೈತಿ, ಹೇಳ."

"ಬಾವಿ ಇದ್ದ ಮನಿ ನೋಡ್ರಿ. ಉಳಿದದ್ದ ಹೆಂಗರ ಇರಲಿ, ನಡೀತೈತಿ."

ಊರ ಜನ ನಳದ ನೀರು ಕುಡಿದು ಸುಖವಾಗಿರಬಹುದು. ಮುನಿಗಳ ಆಹಾರಕ್ಕೆ ಮಾತ್ರ ಬಾವಿಯ ನೀರೇ ಆಗಬೇಕು. ಸೋಸಿದ ಬಳಿಕ ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಸಣ್ಣ ಗಿಂಡಿಯಲ್ಲಿ ಹಿಡಿದು, ಅವು ಹುಟ್ಟಿದ ಆ ಬಾವಿಗೇ ಮೆಲ್ಲಗೆ ಇಳಿಸಬೇಕು. ನಳಕ್ಕೆ ಹಾಗೆ ಮರಳಿ ಒಪ್ಪಿಸಲು ಬರುತ್ತದೆಯೇ?

ಜಮಖಂಡಿಯ ಹಳೆಯ ಓಣಿಯೊಂದರಲ್ಲಿ ಅಂಥ ಮನೆ ಸಿಕ್ಕಿತು. ಮಣ್ಣಿನ ಮಾಳಿಗೆ ಕುಸಿದಿತ್ತು, ಗೋಡೆ ಹೊಟ್ಟೆಬಿಟ್ಟಿತ್ತು, ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಆದರೆ ಹಿತ್ತಿಲಲ್ಲಿ ಕಲ್ಲು ಕಟ್ಟಿದ ಬಾವಿ. ಇಣುಕಿದರೆ ಮುಖ ಕಾಣುವಷ್ಟು ತಿಳಿಯಾದ ನೀರು. ಅನುಸೂಯಕ್ಕ ಮನೆಯೊಳಗೆ ಕಾಲಿಡುವ ಮೊದಲು ಬಾವಿಗೆ ಕೈಮುಗಿದಳು.

ಮನೆಯ ಒಂದು ಕಡೆ ಒಡೆದು ಕಟ್ಟಿಸುತ್ತ, ಇನ್ನೊಂದು ಕಡೆ ಅದರಲ್ಲೇ ಬಾಳುವುದೆಂದಾಯಿತು. ತೇರದಾಳದಲ್ಲಿ ಹದಿನೇಳು ಜನ ಒಂದೇ ಸೂರಿನಡಿ ಇದ್ದರೂ ಇಕ್ಕಟ್ಟೆನಿಸಿರಲಿಲ್ಲ. ಇಲ್ಲಿ ನಾಲ್ವರೇ ಇದ್ದೂ ಉಸಿರು ಕಟ್ಟುತ್ತಿತ್ತು. ಎರಡು ಕೋಣೆ, ನಡುವೆ ಪರದೆಯಾಗಿ ಕಟ್ಟಿದ ಹಳೆಯ ಸೀರೆ. ಆಚೆ ಮಗ ಸಿದ್ಧಾಂತ ಮತ್ತು ಹೊಸ ಸೊಸೆ ಮಾನಸಿ, ಈಚೆ ಇವರಿಬ್ಬರು. ಅಲ್ಲಿ ಸೊಸೆಯಂದಿರು ಮಾವನ ಎದುರಿಗೆ ದಿನಕ್ಕೊಮ್ಮೆಯೂ ಬೀಳುತ್ತಿರಲಿಲ್ಲ. ಇಲ್ಲಿ ಮಾನಸಿ ಹಲ್ಲುಜ್ಜಲು ಹೋಗಬೇಕಾದರೂ ಮಾವನ ಹಾಸಿಗೆ ದಾಟಬೇಕು. ಹುಡುಗಿ ರಬಕವಿಯವಳು, ಬಾಯಿ ಚುರುಕು.

"ಅತ್ತೀ, ನಳದ ನೀರಿಂದ ಒಂದ ಕಪ್ ಚಾ ಕುಡುದ್ರ ಮೋಕ್ಷ ತಪ್ಪತೈತೇನ್ರಿ?"

"ನಿಂದ ತಪ್ಪಂಗಿಲ್ಲವಾ, ಕುಡಿ. ನಂದ ಮದ್ಲ ದೂರ ಐತಿ."

ಇಬ್ಬರೂ ನಗುತ್ತಿದ್ದರು. ನಗು ಮುಗಿದ ಮೇಲೆ ಸೊಸೆ ನಳದ ಕಡೆಗೆ, ಅತ್ತೆ ಬಾವಿಯ ಕಡೆಗೆ ಹೋಗುತ್ತಿದ್ದರು. ತೇರದಾಳದಲ್ಲಿ ಬಸದಿಯ ಗಂಟೆ ಅಡುಗೆಮನೆಗೆ ಕೇಳುತ್ತಿತ್ತು; ಇಲ್ಲಿ ಬಸದಿಗೆ ಹೋಗಬೇಕೆಂದರೆ ಎರಡು ಏರು ಹತ್ತಬೇಕು, ಅವಳ ಮೊಣಕಾಲು ಒಂದಕ್ಕೇ ಸೋಲುತ್ತಿತ್ತು. ಸಂಜೆ ಹೊತ್ತು ಮುಳುಗುವ ಮೊದಲು ಉಣ್ಣುವ ನೇಮ. ತಾಟಿನ ಅಂಚಿನಲ್ಲಿ ದಿನವೂ ಸಿಮೆಂಟಿನ ಧೂಳು. ಎದುರು ಮನೆಯ ಲಗಮವ್ವ ಒಬ್ಬಳೇ ಬಂದು ಮಾತಾಡುವವಳು. ಬೀರೇಶ್ವರನ ಒಕ್ಕಲು, ಕುರಿ ಮಾರಿ ಈಗ ಎರಡು ಎಮ್ಮೆ ಕಟ್ಟಿದ್ದಳು.

"ನಿಮ್ದ ಧರ್ಮ ಭಾಳ ಬಿಗಿ ಬಿಡ್ರಿ ಅಕ್ಕಾರ. ನಮ್ಮ ಬೀರಪ್ಪ ಒಂದ ಚಿಟಿಕಿ ಅರಿಷಿಣದ ಭಂಡಾರ ಹಾರಿಸಿದ್ರ ಒಲೀತಾನ."

"ಹಂಗಲ್ಲಬೇ ಲಗಮವ್ವ. ಬಿಗಿ ಧರ್ಮದಾಗಿಲ್ಲ, ನನ್ನ ಮಣಕಾಲಾಗ ಐತಿ."

ಆ ಮೊಣಕಾಲಿಗಾಗಿಯೇ ವೃಷಭಣ್ಣ ಮನೆಯೊಳಗೊಂದು ಸಂಡಾಸ ಕಟ್ಟಿಸಲು ಹೊರಟ. ಬಾಯಿಬಿಟ್ಟು ಪ್ರೀತಿ ಹೇಳಿಕೊಳ್ಳುವ ಮನುಷ್ಯನಲ್ಲ, ಹೆಂಡತಿ ಮಳೆಯಲ್ಲಿ ಹಿತ್ತಿಲ ತುದಿಯವರೆಗೆ ಕುಂಟುವುದನ್ನು ನೋಡಿ, ಮನೆ ಕಟ್ಟುತ್ತಿದ್ದ ಗೌಂಡಿ ನಿಂಗಣ್ಣನಿಗೆ ಇಷ್ಟೇ ಹೇಳಿದ: "ಮದ್ಲ ಇದನ್ನ ಮುಗಸ."

ನಿಂಗಣ್ಣ ಬೀಳಗಿಯವನು, ಕೈ ಶುದ್ಧ, ನಾಲಿಗೆ ಹರಿತ. ಗೋಡೆ ಕೆಡವುವ ಮುನ್ನ ಅನುಸೂಯಕ್ಕ ಕಸಬರಿಗೆ ಹಿಡಿದು ಇರುವೆಗಳನ್ನು ಮೆಲ್ಲಗೆ ಸರಿಸುವುದನ್ನು ನೋಡಿ ಅವನೆನ್ನುತ್ತಿದ್ದ: "ಅವ್ವಾರ, ಹಿಂಗ ಒಂದೊಂದ ಇರುವಿ ಅಪ್ಪಣಿ ಕೇಳಕೋತ ಕಟ್ಟಿದ್ರ, ಈ ಮನಿ ನಿಮ್ಮ ಮೊಮ್ಮಗನ ಲಗ್ನಕ್ಕ ಮುಗಿತೈತ್ರಿ!"

ಅವಳಿಗೂ ಅವಸರವಿತ್ತು. ಮುನಿ ಮಹಾರಾಜರೊಬ್ಬರು ಈ ವರ್ಷದ ಚಾತುರ್ಮಾಸಕ್ಕೆ ಜಮಖಂಡಿಯ ಬಸದಿಗೆ ಬರುವರೆಂದು ಸಿದ್ಧಾಂತನ ಫೋನಿಗೆ ಸುದ್ದಿ ಬಂದಿತ್ತು. ಆಷಾಢ ಹುಣ್ಣಿಮೆಯೊಳಗೆ ಮನೆ ಸ್ವಚ್ಛವಾಗಬೇಕು, ಚೌಕಕ್ಕೆ ಜಾಗವಾಗಬೇಕು. ಒಂದು ಮುಂಜಾನೆ ಆಕೆ ಜಪಮಾಲೆ ಹಿಡಿದು ಕುಳಿತಿರುವಾಗ ನಿಂಗಣ್ಣ ಬಾಗಿಲಿಗೆ ಬಂದು ನಿಂತ.

"ಅವ್ವಾರ, ಆ ತುದೀ ಮೂಲ್ಯಾಗ ಬಂಡಿಗಲ್ಲ ಹತ್ತೈತ್ರಿ. ಸಂಡಾಸದ ಗುಂಡಿ ಅಲ್ಲೇ ಬೇಕಂದ್ರ ಒಡ್ಯಾಕ ಎಂಟ ದಿನ. ಈಚಿಗೆ, ಬಾವಿ ಕಡೆ, ನೆಲ ಮೆತ್ತಗ ಐತ್ರಿ. ಹೆಂಗ ಮಾಡೂನ್ರಿ?"

ಆಕೆ ಕಣ್ಣು ತೆರೆಯಲಿಲ್ಲ. ಮಣಿ ಎಣಿಸುತ್ತಲೇ ಅಂದಳು: "ಎಂಟ ದಿನ ಎಲ್ಲಿ ತರೂದೋ ಯಪ್ಪಾ? ಮೆತ್ತಗ ಇದ್ದಲ್ಲೇ ತಗಿ."

ಅಷ್ಟೇ. ನಾಲಿಗೆಯ ಮೇಲೆ ಪಂಚನಮಸ್ಕಾರ ಮಂತ್ರವಿದ್ದಾಗ ಆಡಿದ ಮಾತು.

ವೃಷಭಣ್ಣ ಅಂಗಡಿಯಲ್ಲಿದ್ದಾಗಲೇ ಗುಂಡಿ ತೋಡಿ ಮುಚ್ಚಿಯಾಯಿತು, ಸಂಡಾಸ ಬಳಕೆಗೆ ಬಂತು. ಮಹಾರಾಜರು ಬಂದರು. ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ ಆಹಾರ ತೆಗೆದುಕೊಳ್ಳುತ್ತಾರೆ, ಅದೂ ತಾವು ಮನಸ್ಸಿನಲ್ಲೇ ಗುಟ್ಟಾಗಿ ನೇಮಿಸಿಕೊಂಡ ಒಂದು ವಿಧಿ ಕೂಡಿಬಂದ ಮನೆಯಲ್ಲಿ. ಯಾವ ಬಾಗಿಲಲ್ಲಿ ಯಾವ ಗುರುತು ಕಾಣಬೇಕೆಂದು ಅವರು ಯಾರಿಗೂ ಹೇಳುವುದಿಲ್ಲ. ಕಾಣದಿದ್ದರೆ ಉಪವಾಸದಿಂದ ಮರಳುತ್ತಾರೆ. ಮೊದಲ ದಿನ ವಿಧಿ ಕೂಡಲಿಲ್ಲ. ಎರಡನೆಯ ದಿನವೂ ಕೂಡಲಿಲ್ಲ. ಊರ ಶ್ರಾವಕರೆಲ್ಲ ಕಂಗಾಲಾದರು. ಎರಡು ದಿನವಿಡೀ ಮಳೆ ಜಿನುಗುತ್ತಿತ್ತು.

ಮೂರನೆಯ ದಿನ ಮಳೆ ನಿಂತು ಬಿಸಿಲು ಬಿತ್ತು. ಸೂರ್ಯ ಹುಟ್ಟಿದ ಮೇಲೆ ಅನುಸೂಯಕ್ಕ ಮಡಿಯುಟ್ಟು ನೀರು ಸೇದಿ ಸೋಸಿದಳು. ನೀರು ತುಸು ಮಂಕಾಗಿತ್ತು. ಮಳೆಯ ನೀರು ಕೂಡಿದೆಯೆಂದುಕೊಂಡಳು. ಮಾನಸಿ ಅಂದು ತಾನಾಗಿಯೇ ಮಡಿಯುಟ್ಟು ಬಂದು ಅತ್ತೆಯ ಪಕ್ಕ ಕುಳಿತು ಹಿಟ್ಟು ನಾದಿದಳು. ತೊವ್ವೆ ಕುದಿಯಿತು, ಹಾಲು ಕಾಯಿತು. ಇಷ್ಟು ತಿಂಗಳಲ್ಲಿ ಮೊದಲ ಸಲ ಆ ಮನೆ ಮನೆಯೆನ್ನಿಸಿತು.

ಅಡುಗೆ ಮುಗಿಸಿ, ಅರಿವೆ ತೊಳೆದ ನೀರಿನ ಗಿಂಡಿ ಹಿಡಿದು ಆಕೆ ಬಾವಿಗೆ ಹೋದಳು. ಗಿಂಡಿಯನ್ನು ಹಗ್ಗಕ್ಕೆ ಕಟ್ಟಿ ಇನ್ನೇನು ಇಳಿಸಬೇಕು. ಮೋಡದ ದಿನಗಳಲ್ಲಿ ಕಾಣದಿದ್ದುದು ಬಿಸಿಲಿನಲ್ಲಿ ಕಂಡಿತು. ಬಾವಿಯ ಒಳಗೋಡೆಯಲ್ಲಿ, ಹೊಸ ಗುಂಡಿ ಇದ್ದ ದಿಕ್ಕಿಗೆ, ಎರಡು ಕಲ್ಲುಗಳ ಸಂದಿನಿಂದ ಕಪ್ಪು ನೀರಿನ ಎಳೆಯೊಂದು ಒಸರಿ ಕೆಳಗಿಳಿಯುತ್ತಿತ್ತು. ಆಕೆ ಬಾಗಿದಳು. ವಾಸನೆ ಬಂತು.

"ಅತ್ತೀ! ಮಹಾರಾಜರು ಓಣಿಗೆ ಬಂದ್ರು! ಲಗೂನ ಬರ್ರಿ!" ಮಾನಸಿ ಕೂಗಿದಳು.

ಗಿಂಡಿಯನ್ನು ಬಾವಿಯ ಕಟ್ಟೆಯ ಮೇಲೆ ಬಿಟ್ಟು ಆಕೆ ಬಾಗಿಲಿಗೆ ಬಂದಳು. ವೃಷಭಣ್ಣ ಕಲಶವನ್ನು ಅವಳ ಕೈಗಿತ್ತ. ಆಹಾರಕ್ಕೆ ಹೊರಟ ಗುರುತಾಗಿ ಬಲಗೈಯ ಬೆರಳು ಕೂಡಿಸಿ ಭುಜದ ಮೇಲಿಟ್ಟುಕೊಂಡು ಮಹಾರಾಜರು ನೆಲ ನೋಡುತ್ತ ಬರುತ್ತಿದ್ದರು. "ನಮೋಸ್ತು, ನಮೋಸ್ತು, ನಮೋಸ್ತು! ಅತ್ರ ತಿಷ್ಠ, ತಿಷ್ಠ!" ಎಂದು ಗಂಡ ಕೂಗಿದ, ಸೊಸೆ ಕೂಗಿದಳು. ಆಕೆ ಕಲಶವನ್ನು ಎದೆಗೊತ್ತಿ ಹಿಡಿದಳು. ಮುಂದೆ ಹೋಗಲಿ, ಹೇ ಜಿನೇಂದ್ರ, ನಮ್ಮ ಬಾಗಿಲು ದಾಟಿ ಹೋಗಲಿ ಎಂದು ಬೇಡಿಕೊಂಡಳು. ಇಷ್ಟು ವರ್ಷ ಬೇಡಿದ್ದಕ್ಕೆ ತದ್ವಿರುದ್ಧವಾಗಿ ಬೇಡಿಕೊಂಡಳು.

ಮಹಾರಾಜರು ಅವಳೆದುರಿಗೇ ನಿಂತರು.

ಓಣಿಯ ತುಂಬ ಜಯಕಾರವೆದ್ದಿತು. ಬಂದ ಮುನಿಗಳಿಗೆ ಮೂರು ಪ್ರದಕ್ಷಿಣೆ ಹಾಕಿ, ಮನಸ್ಸು, ಮಾತು, ಕಾಯ, ಆಹಾರ, ಜಲ ಎಲ್ಲವೂ ಶುದ್ಧವೆಂದು ಮನೆಯವರು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದ ಮೇಲೆಯೇ ಮುನಿಗಳು ಒಳಗೆ ಬರುವುದು. ಮೊದಲ ಸುತ್ತಿನಲ್ಲಿ ಆಕೆ ತನಗೆ ತಾನೇ ಹೇಳಿಕೊಂಡಳು: ಅದು ಮಳೆಯ ನೀರೇ ಇರಬಹುದು. ಎರಡನೆಯ ಸುತ್ತಿನಲ್ಲಿ ಮಹಾರಾಜರ ಎಣಿಸಲು ಬರುವಂಥ ಪಕ್ಕೆಲುಬುಗಳನ್ನೂ, ಒಣಗಿ ಸೀಳಿದ ತುಟಿಯನ್ನೂ ಕಂಡಳು; ಎರಡು ದಿನದಿಂದ ಹನಿ ನೀರು ಕಾಣದ ತುಟಿ ಅದು. ಹೇಳಿದರೆ ಈ ಜೀವ ಇಂದೂ ಉಪವಾಸ. ಹೇಳದಿದ್ದರೆ ಆ ಬೊಗಸೆಗೆ ತಾನು ಏನನ್ನು ಎರೆಯುತ್ತಿದ್ದೇನೆ? ಮೂರನೆಯ ಸುತ್ತಿನಲ್ಲಿ ನಿಂಗಣ್ಣನ ಪ್ರಶ್ನೆ ಕೇಳಿಸಿತು, ತನ್ನ ಉತ್ತರವೂ ಕೇಳಿಸಿತು.

"ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ..." ವೃಷಭಣ್ಣ ಆರಂಭಿಸಿದ. "ಆಹಾರ, ಜಲ..."

"ಜಲ ಶುದ್ಧ ಇಲ್ರಿ, ಮಹಾರಾಜ."

ಹೇಳಿದವಳು ತಾನೇ ಎಂದು ಆಕೆಗೆ ಒಂದು ಕ್ಷಣ ತಿಳಿಯಲಿಲ್ಲ. ಮಹಾರಾಜರು ಕಣ್ಣೆತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಆಕೆಗೆ ಹಗುರವಾಗುತ್ತಿತ್ತು. ಭುಜದ ಮೇಲಿನ ಕೈಯನ್ನು ಕೆಳಗಿಳಿಸಿದರು. ಇಳಿಸಿದ ಕೈಯನ್ನು ಮರುದಿನದವರೆಗೆ ಏರಿಸುವಂತಿಲ್ಲ. ಬಂದ ದಾರಿಯಲ್ಲೇ ಬಸದಿಗೆ ತಿರುಗಿದರು. ಹಿಂದೆ ಜನವೂ ತಿರುಗಿತು. "ಮನಿ ಹೊಸಾದ ಕಟ್ಯಾರ, ಭಾಗ್ಯ ಹಳೇದ," ಎಂದು ಯಾರೋ ಅಂದದ್ದು ಕೇಳಿಸಿತು.

ವೃಷಭಣ್ಣ ಹೆಂಡತಿಯ ಕೈಯಿಂದ ಕಲಶ ತೆಗೆದು ಒಳಗಿಟ್ಟ. ಬಾವಿಗೆ ಹೋಗಿ ನೋಡಿದ. ಗೋಡೆಗೆ ಸಿಮೆಂಟಿನ ಗಿಲಾಯಿ ಬಳಿಯಲು ಬಂದಿದ್ದ ನಿಂಗಣ್ಣನನ್ನು ಕರೆದ.

"ಬಾವಿ ಮಗ್ಗಲಕ ಗುಂಡಿ ತಗದೀಯಲ್ಲಲೇ! ನಿನಗ ಬುದ್ಧಿ ಬ್ಯಾಡೇನ? ಯಾರ ಹೇಳ್ಯಾರ ನಿನಗ?"

ನಿಂಗಣ್ಣ ಅನುಸೂಯಕ್ಕನ ಕಡೆ ನೋಡಿದ. ಮತ್ತೆ ತನ್ನ ಕಾಲ ಕಡೆ ನೋಡಿಕೊಂಡ. "ನಂದ ತಪ್ಪಾತ್ರಿ ಸಾವ್ಕಾರ," ಎಂದ.

ಆಕೆ ಸುಮ್ಮನಿರಬಹುದಿತ್ತು. ಅಂದಿನ ಮಟ್ಟಿಗೆ ಸಾಕಾಗುವಷ್ಟು ಸತ್ಯ ಹೇಳಿಯಾಗಿತ್ತು.

"ಅವಂದಲ್ರಿ. ಅಂವ ಬಂದ ಕೇಳಿದಾ. ಅಲ್ಲೇ ತಗಿ ಅಂತ ನಾನ ಹೇಳೇನಿ. ಕಣ್ಣ ಸೈತ ತೆರೀಲಿಲ್ರಿ ನಾ."

ವೃಷಭಣ್ಣ ಬಾವಿಯ ಕಟ್ಟೆಯ ಮೇಲೆ ಕುಳಿತ. "ನಿನ್ನ ಮಣಕಾಲಿಗಂತ ಕಟ್ಟಿಸಿದ್ನಲ್ಲ ಅನುಸೂಯಾ," ಎಂದ. ಅದನ್ನು ಬೈಗುಳದಂತೆ ಅಂದನೋ ಅಳುವಂತೆ ಅಂದನೋ ಆಕೆಗೆ ತಿಳಿಯಲಿಲ್ಲ.

ಆ ಅಡುಗೆಯನ್ನು ಯಾರೂ ಉಣ್ಣುವಂತಿರಲಿಲ್ಲ. ಲಗಮವ್ವ ಬಂದು, "ನನ್ನ ಎಮ್ಮಿಗರ ಹಾಕೂನೇನ್ರಿ?" ಎಂದಳು, ಅನುಸೂಯಕ್ಕ ತಲೆಯಾಡಿಸಿದಳು, ಎಮ್ಮೆಗೂ ಬೇಡ. ಮಾನಸಿ ಅಳುತ್ತ ತೊವ್ವೆಯ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ನಿಂಗಣ್ಣ ಸಮಾಧಾನದ ಮಾತು ತೆಗೆದ: "ಗುಂಡಿ ಕಿತ್ತು ಆಚಿಗೆ ಹಾಕ್ತೇನ್ರಿ ಅವ್ವಾರ, ಕೂಲಿ ಬ್ಯಾಡ. ಮಶೀನ ಹಚ್ಚಿ ಬಾವಿ ನೀರೆಲ್ಲಾ ಹೊರಗ ತಗದ್ರ, ಮುಂದಿನ ವರ್ಷಕ್ಕ ಹೊಸಾ ನೀರ ಬರ್ತೈತ್ರಿ."

"ಅದರಾಗಿನ ಜೀವ ಎಲ್ಲಿಗೆ ಹೋಗಬೇಕೋ ನಿಂಗಣ್ಣ?"

ವೃಷಭಣ್ಣ ಎದ್ದು ನಿಂತು ಅಂಗಡಿಯ ಕೀಲಿ ಕೈಗೆ ತೆಗೆದುಕೊಂಡ. "ಬಾವಿಗೆ ಸ್ಲ್ಯಾಬ್ ಹಾಕಿ ಮುಚ್ಚಿಬಿಡ. ಇನ್ನ ನಳದ ನೀರ," ಎಂದು ಹೇಳಿ ಹೋದ.

ಮಹಾರಾಜರು ಉಣ್ಣದ ದಿನ ತಾನು ಉಣ್ಣುವ ಮಾತೇ ಇರಲಿಲ್ಲ. ಹೊತ್ತು ಇಳಿಯತೊಡಗಿತು. ಆಗ ಆಕೆಗೆ ಕಟ್ಟೆಯ ಮೇಲೆ ಬಿಟ್ಟ ಗಿಂಡಿ ನೆನಪಾಯಿತು. ಮುಂಜಾನೆ ಅರಿವೆಯಿಂದ ತೊಳೆದು ಹಿಡಿದ ಜೀವಗಳು ದಿನವಿಡೀ ಅಂಗೈಯಷ್ಟು ನೀರಿನಲ್ಲಿ ಉಳಿದಿದ್ದವು. ಬೇರೆ ಬಾವಿಗೆ ಬಿಡುವಂತಿಲ್ಲ, ನೆಲಕ್ಕೆ ಚೆಲ್ಲುವಂತಿಲ್ಲ. ಹುಟ್ಟಿದ ನೀರೇ ಅವುಗಳಿಗೆ ಮನೆ. ಮಾನಸಿ ಹಿಂದಿನಿಂದ ಬಂದು ಅತ್ತೆಯ ತೋಳು ಹಿಡಿದುಕೊಂಡಳು. ಅನುಸೂಯಕ್ಕ ಹಗ್ಗ ಬಿಡುತ್ತ ಹೋದಳು. ಕಪ್ಪು ಎಳೆ ಇನ್ನೂ ಒಸರುತ್ತಿತ್ತು. ಗಿಂಡಿ ನೀರು ಮುಟ್ಟಿದ್ದು ಕೈಗೆ ತಿಳಿಯಿತು. ತುಸು ಸಡಿಲಿಸಿ, ಸಪ್ಪಳವಾಗದಂತೆ ಅದನ್ನು ವಾಲಿಸಿ, ಅವುಗಳನ್ನು ಆ ನೀರಿಗೇ ಬಿಟ್ಟಳು.